ಕಲ್ಲಿದ್ದಲು ಗಣಿಯ ಗಾಳಿ: ಬಾಗಿಲು ಕಾಯುವ ಹುಡುಗನಿಂದ ಕಂಪ್ಯೂಟರ್ ತನಕ

ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲು ಸಿಗೋದಿಲ್ಲ. ಆದರೂ ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ, ನಮ್ಮ ಮನೆಯ ಬಲ್ಬು ಉರಿಯುತ್ತದೆ. ಅದರಲ್ಲಿ ಒಂದು ಪಾಲು ಪಕ್ಕದ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಬರುವಂಥದ್ದು. ಇವತ್ತು ಅಲ್ಲಿ ಹೆಚ್ಚಿನ ಕಲ್ಲಿದ್ದಲನ್ನು ಮೇಲಿನ ಮಣ್ಣು ತೆಗೆದು ತೆರೆದ ಗಣಿಯಲ್ಲಿ ಅಗೆಯುತ್ತಾರೆ. ಆದರೆ ನೆಲದಡಿಯ ಗಣಿಗಳು ಇನ್ನೂ ಇವೆ. ಪ್ರತಿ ಪಾಳಿಗೂ ಜನ ಕೆಳಗೆ ಇಳಿಯುತ್ತಾರೆ.

ಅವರು ಕೆಳಗೆ ಉಸಿರಾಡುವ ಗಾಳಿ ಎಲ್ಲಿಂದ ಬರುತ್ತದೆ? ಮೇಲೆ ಫ್ಯಾನ್ ಇದೆ, ಅದು ಕಳಿಸುತ್ತದೆ ಅಂತ ಸುಲಭವಾಗಿ ಹೇಳಬಹುದು. ಕಷ್ಟದ ಪ್ರಶ್ನೆ ಬೇರೆ ಇದೆ. ನೂರಾರು ಕವಲುಗಳಿರುವ ಸುರಂಗದಲ್ಲಿ ಆ ಗಾಳಿ ಯಾವ ಕವಲಿಗೆ ಎಷ್ಟು ಹೋಗುತ್ತದೆ? ಇದನ್ನು ಮೊದಲೇ ಲೆಕ್ಕ ಹಾಕಿ ಹೇಳಲು ಮನುಷ್ಯನಿಗೆ ಇನ್ನೂರು ವರ್ಷ ಬೇಕಾಯಿತು. ಆ ಲೆಕ್ಕ ಬರದೆ ಇದ್ದ ಕಾಲದಲ್ಲಿ ಸಾವಿರಾರು ಜನ ಸತ್ತರು. ಲೆಕ್ಕ ಬಂದ ಮೇಲೂ ಸಾವು ಪೂರ್ತಿ ನಿಂತಿಲ್ಲ. ಯಾಕೆ ಅನ್ನುವುದೇ ಈ ಬರಹದ ವಿಷಯ.

ಕೊನೆ ಭಾಗದ ರೈತನ ಪ್ರಶ್ನೆ

ನೆಲದಡಿ ಗಣಿಗೆ ಕನಿಷ್ಠ ಎರಡು ದಾರಿ ಬೇಕು. ಒಂದರಲ್ಲಿ ಒಳ್ಳೆಯ ಗಾಳಿ ಇಳಿಯುತ್ತದೆ, ಇನ್ನೊಂದರಲ್ಲಿ ಕೆಟ್ಟ ಗಾಳಿ ಮೇಲೆ ಬರುತ್ತದೆ. ಇಂಗ್ಲೆಂಡಿನ ಹಾರ್ಟ್ಲಿ ಎಂಬ ಗಣಿಗೆ ಇದ್ದದ್ದು ಒಂದೇ ಶಾಫ್ಟ್. 1862ರ ಜನವರಿಯಲ್ಲಿ ನೀರೆತ್ತುವ ಯಂತ್ರದ ದೊಡ್ಡ ಕಬ್ಬಿಣದ ತೊಲೆ ಮುರಿದು ಆ ಶಾಫ್ಟಿನೊಳಗೆ ಬಿತ್ತು. ದಾರಿ ಮುಚ್ಚಿಹೋಯಿತು. 204 ಜನ ಸತ್ತರು. ಅದೇ ವರ್ಷ ಬ್ರಿಟನ್‌ನಲ್ಲಿ ಎರಡು ದಾರಿ ಕಡ್ಡಾಯ ಎಂಬ ಕಾನೂನು ಬಂತು.

ಆ ಎರಡು ಶಾಫ್ಟುಗಳ ನಡುವೆ ಸುರಂಗಗಳ ದೊಡ್ಡ ಜಾಲವೇ ಇರುತ್ತದೆ. ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ಒಂದು ತೂಬು ಹೆಚ್ಚು ತೆರೆದರೆ ಕೊನೆ ಭಾಗದ ಗದ್ದೆಗೆ ನೀರಿಲ್ಲ. ಗಾಳಿಯದ್ದೂ ಅದೇ ಸ್ವಭಾವ. ಸುಲಭದ ದಾರಿ ಸಿಕ್ಕರೆ ಅದರಲ್ಲೇ ಹೋಗಿ, ಕಲ್ಲಿದ್ದಲು ಕಡಿಯುವ ದೂರದ ಮೂಲೆಗೆ ಹೋಗದೆ ವಾಪಸ್ ಬಂದುಬಿಡುತ್ತದೆ. ವ್ಯತ್ಯಾಸ ಇಷ್ಟೇ: ನೀರು ಬರಲಿಲ್ಲ ಅಂದರೆ ಕಣ್ಣಿಗೆ ಕಾಣುತ್ತದೆ, ಗಾಳಿ ಬರಲಿಲ್ಲ ಅಂದರೆ ಕಾಣೋದಿಲ್ಲ.

ಕಲ್ಲಿದ್ದಲಿನ ಪದರದಿಂದ ಮೀಥೇನ್ ಅನಿಲ ಒಸರುತ್ತಲೇ ಇರುತ್ತದೆ. ನಮ್ಮ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ. ಗಾಳಿಯಲ್ಲಿ ಇದರ ಪ್ರಮಾಣ ಶೇಕಡಾ 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆ ಹೊಡೆತಕ್ಕೆ ನೆಲದಲ್ಲಿ ಬಿದ್ದಿರುವ ಕಲ್ಲಿದ್ದಲಿನ ದೂಳು ಮೇಲೆದ್ದು ಹೊತ್ತಿಕೊಂಡರೆ ಬೆಂಕಿ ಇಡೀ ಗಣಿಗೆ ಹಬ್ಬುತ್ತದೆ. ಇದನ್ನು ತಡೆಯುವ ಮೊದಲ ಉಪಾಯ ಗಾಳಿಯೇ. ಸಾಕಷ್ಟು ಗಾಳಿ ಹರಿದರೆ ಮೀಥೇನ್ ತೆಳುವಾಗಿ ಹೊರಗೆ ಹೋಗುತ್ತದೆ.

ಕತ್ತಲಲ್ಲಿ ಕೂತ ಮಕ್ಕಳು

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಗಾಳಿ ಎಳೆಯಲು ಬೆಂಕಿ ಬಳಸುತ್ತಿದ್ದರು. ಒಂದು ಶಾಫ್ಟಿನ ಬುಡದಲ್ಲಿ ದೊಡ್ಡ ಕುಲುಮೆ ಉರಿಸುವುದು. ಬಿಸಿಗಾಳಿ ಮೇಲೇರಿದರೆ ಇನ್ನೊಂದು ಶಾಫ್ಟಿನಿಂದ ತಣ್ಣನೆಯ ಗಾಳಿ ಒಳಗೆ ಬರುತ್ತದೆ. ಸ್ಫೋಟಿಸುವ ಅನಿಲ ಇರುವ ಗಣಿಯೊಳಗೆ ಬೆಂಕಿ ಹಾಕಿ ಅನಿಲವನ್ನು ಹೊರಹಾಕುವ ಉಪಾಯ ಅದು! ಆಗ ಅದಕ್ಕಿಂತ ಒಳ್ಳೆಯದು ಅವರ ಬಳಿ ಇರಲಿಲ್ಲ.

ಗಾಳಿಯನ್ನು ಹಂಚುವುದು ಹೇಗೆ? 1760ರ ಸುಮಾರಿಗೆ ವೈಟ್‌ಹೇವನ್ ಎಂಬ ಊರಿನ ಗಣಿಗಳಲ್ಲಿ ಜೇಮ್ಸ್ ಸ್ಪೆಡಿಂಗ್ ಒಂದು ಪದ್ಧತಿ ತಂದ. ಅಡ್ಡದಾರಿಗಳನ್ನೆಲ್ಲ ಗೋಡೆ, ಬಾಗಿಲುಗಳಿಂದ ಮುಚ್ಚಿ, ಒಂದೇ ಗಾಳಿಯನ್ನು ಗಣಿಯ ಎಲ್ಲ ಸುರಂಗಗಳಲ್ಲೂ ಒಂದಾದ ಮೇಲೊಂದರಂತೆ ಸುತ್ತಿಸುವುದು. ಎಲ್ಲ ಮೂಲೆಗೂ ಗಾಳಿ ತಲುಪಿತು ನಿಜ. ಆದರೆ ಮೈಲುಗಟ್ಟಲೆ ಸುತ್ತಿ ಬರುವಷ್ಟರಲ್ಲಿ ಗಾಳಿಗೆ ಬಲವೂ ಇರುತ್ತಿರಲಿಲ್ಲ, ದಾರಿಯುದ್ದಕ್ಕೂ ಮೀಥೇನ್ ಸೇರಿಕೊಂಡಿರುತ್ತಿತ್ತು. ಕೊನೆಯಲ್ಲಿ ಕೆಲಸ ಮಾಡುವವನಿಗೆ ಸಿಗುತ್ತಿದ್ದುದು ಎಲ್ಲರೂ ಉಸಿರಾಡಿ ಬಿಟ್ಟ ಗಾಳಿ.

1810ರ ಆಸುಪಾಸಿನಲ್ಲಿ ಜಾನ್ ಬಡಲ್ ಎಂಬ ಗಣಿ ಎಂಜಿನಿಯರ್ ಇದನ್ನು ಬದಲಿಸಿದ. ಗಾಳಿಯನ್ನು ಮೊದಲೇ ಹಲವು ಪಾಲು ಮಾಡಿ, ಪ್ರತಿ ಭಾಗಕ್ಕೂ ಬೇರೆಬೇರೆ ಕಳಿಸುವುದು. ಒಂದೇ ಉದ್ದ ಕಾಲುವೆಯ ಬದಲು ಹಲವು ವಿತರಣಾ ಕಾಲುವೆ ಮಾಡಿದ ಹಾಗೆ. ಇಂದಿಗೂ ಗಣಿಗಳು ನಡೆಯುವುದು ಇದೇ ತತ್ವದ ಮೇಲೆ.

ಪಾಲು ಮಾಡಬೇಕು ಅಂದರೆ ಬಾಗಿಲು ಬೇಕು. ಕಲ್ಲಿದ್ದಲಿನ ಗಾಡಿ ಬಂದಾಗ ತೆರೆಯಬೇಕು, ಹೋದ ತಕ್ಷಣ ಮುಚ್ಚಬೇಕು. ಈ ಕೆಲಸಕ್ಕೆ ಇಟ್ಟದ್ದು ಮಕ್ಕಳನ್ನು. ಕತ್ತಲಲ್ಲಿ, ಹಗ್ಗ ಹಿಡಿದು, ದಿನಕ್ಕೆ ಹನ್ನೆರಡು ತಾಸಿನ ತನಕ ಕೂರಬೇಕಿತ್ತು. 1842ರ ಸರ್ಕಾರಿ ವರದಿಯಲ್ಲಿ ಸಾರಾ ಗೂಡರ್ ಎಂಬ ಎಂಟು ವರ್ಷದ ಹುಡುಗಿಯ ಹೇಳಿಕೆ ಇದೆ. ದೀಪವಿಲ್ಲದೆ ಕೂರಬೇಕು, ಭಯವಾಗುತ್ತದೆ ಅಂತ ಅವಳು ಹೇಳಿದ್ದಳು. ಆ ವರದಿಯ ನಂತರ ಹೆಂಗಸರು, ಹುಡುಗಿಯರು ಮತ್ತು ಹತ್ತು ವರ್ಷದೊಳಗಿನ ಹುಡುಗರನ್ನು ನೆಲದಡಿ ಕೆಲಸಕ್ಕೆ ಇಳಿಸುವುದನ್ನು ಕಾನೂನು ನಿಷೇಧಿಸಿತು.

ಇಡೀ ಗಣಿಯ ಗಾಳಿ ಆ ಮಗುವಿನ ಕೈಯಲ್ಲಿತ್ತು. ಒಂದು ಬಾಗಿಲು ತೆರೆದೇ ಉಳಿದರೆ ಗಾಳಿ ಅಡ್ಡದಾರಿ ಹಿಡಿಯುತ್ತದೆ, ದೂರದಲ್ಲೆಲ್ಲೋ ಮೀಥೇನ್ ಸೇರತೊಡಗುತ್ತದೆ. ಅಪಾಯ ಅಷ್ಟು ಹತ್ತಿರದಲ್ಲಿತ್ತು. 1812ರ ಮೇ 25ರಂದು ಇಂಗ್ಲೆಂಡಿನ ಈಶಾನ್ಯ ಭಾಗದ ಫೆಲ್ಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತಿದ್ದರು. ಅವರಲ್ಲಿ ಚಿಕ್ಕ ಹುಡುಗರೂ ಇದ್ದರು. ಗಣಿ ಕಾರ್ಮಿಕರಿಗಾಗಿ ಸುರಕ್ಷಿತ ದೀಪ ಬೇಕೆಂಬ ಕೂಗು ಎದ್ದದ್ದು, 1815ರಲ್ಲಿ ಹಂಫ್ರಿ ಡೇವಿ ದೀಪ ಬಂದದ್ದು ಈ ದುರಂತದ ನಂತರ.

ಒಂದು ಸೂತ್ರ ಸಿಕ್ಕಿತು

1854ರ ತನಕ ಗಾಳಿಯ ಹಂಚಿಕೆ ಅನುಭವದ ಮಾತಾಗಿತ್ತು. ಆ ವರ್ಷ ಜಾನ್ ಜಾಬ್ ಅಟ್ಕಿನ್ಸನ್ ಎಂಬುವನು ಉತ್ತರ ಇಂಗ್ಲೆಂಡಿನ ಗಣಿ ಎಂಜಿನಿಯರುಗಳ ಸಂಸ್ಥೆಯ ಮುಂದೆ ಒಂದು ಲೇಖನ ಮಂಡಿಸಿದ. ಅದರ ತಿರುಳನ್ನು ಹೀಗೆ ಹೇಳಬಹುದು: ಒಂದು ಸುರಂಗದಲ್ಲಿ ಗಾಳಿ ನೂಕಲು ಬೇಕಾಗುವ ಒತ್ತಡ, ಆ ಸುರಂಗದ ತಡೆಯನ್ನು ಗಾಳಿಯ ಪ್ರಮಾಣದ ವರ್ಗದಿಂದ ಗುಣಿಸಿದಷ್ಟು.

ಸುರಂಗ ಉದ್ದವಿದ್ದರೆ, ಕಿರಿದಾಗಿದ್ದರೆ, ಗೋಡೆ ಒರಟಾಗಿದ್ದರೆ ತಡೆ ಹೆಚ್ಚು. ಮುಖ್ಯವಾದುದು ಆ 'ವರ್ಗ' ಎಂಬ ಮಾತು. ಗಾಳಿಯನ್ನು ಎರಡು ಪಟ್ಟು ಮಾಡಬೇಕಾದರೆ ಒತ್ತಡ ನಾಲ್ಕು ಪಟ್ಟು ಬೇಕು, ಫ್ಯಾನಿಗೆ ಬೇಕಾಗುವ ಶಕ್ತಿ ಎಂಟು ಪಟ್ಟು. ಸಣ್ಣ ಪೈಪಿಗೆ ದೊಡ್ಡ ಮೋಟರ್ ಕೂರಿಸಿ ಕರೆಂಟ್ ಬಿಲ್ಲು ಕಟ್ಟಿದವರಿಗೆ ಇದರ ಅರ್ಥ ಗೊತ್ತು.

ಒಂದು ಸುರಂಗಕ್ಕೆ ಈ ಲೆಕ್ಕ ಸುಲಭ. ಜಾಲಕ್ಕೆ ಸುಲಭವಲ್ಲ. ನೂರು ಕವಲುಗಳಿದ್ದರೆ ಒಂದರ ಗಾಳಿ ಇನ್ನೊಂದರ ಮೇಲೆ ನಿಂತಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಕು. ವರ್ಗ ಇರುವುದರಿಂದ ಶಾಲೆಯ ಬೀಜಗಣಿತದಿಂದ ಅದು ಆಗೋದಿಲ್ಲ.

ಸೆಂಘೆನಿತ್: ತಿರುಗದ ಗಾಳಿ

ವೇಲ್ಸ್ ನಾಡಿನ ಸೆಂಘೆನಿತ್ ಎಂಬ ಹಳ್ಳಿಯ ಗಣಿಯಲ್ಲಿ 1901ರಲ್ಲಿ ಸ್ಫೋಟವಾಗಿ 81 ಜನ ಸತ್ತಿದ್ದರು. 1911ರಲ್ಲಿ ಬ್ರಿಟನ್‌ನಲ್ಲಿ ಹೊಸ ಗಣಿ ಕಾನೂನು ಬಂತು. ಫ್ಯಾನ್‌ಗಳು ಗಾಳಿಯ ದಿಕ್ಕನ್ನು ತಿರುಗಿಸುವಂತಿರಬೇಕು ಎಂಬ ಷರತ್ತು ಅದರಲ್ಲಿತ್ತು. ಗಾಳಿ ಇಳಿಯುವ ದಾರಿಯಲ್ಲೇ ಬೆಂಕಿ ಬಿದ್ದರೆ ಹೊಗೆ ನೇರವಾಗಿ ಕೆಲಸಗಾರರ ಕಡೆ ಹೋಗುತ್ತದೆ. ದಿಕ್ಕು ತಿರುಗಿಸಿದರೆ ಹೊಗೆಯನ್ನು ಹೊರಗೆಳೆಯಬಹುದು ಎಂಬುದು ಇದರ ಹಿಂದಿನ ಯೋಚನೆ.

ಸೆಂಘೆನಿತ್ ಗಣಿಯಲ್ಲಿ ಆ ಕೆಲಸ ಆಗಿರಲಿಲ್ಲ. ಗಡುವು ಮುಂದೆ ಹೋಯಿತು, ಅದೂ ಮುಗಿಯಿತು. 1913ರ ಅಕ್ಟೋಬರ್ 14ರ ಬೆಳಿಗ್ಗೆ ಅಲ್ಲಿ ಮತ್ತೆ ಸ್ಫೋಟವಾಯಿತು. 439 ಗಣಿ ಕಾರ್ಮಿಕರು ಸತ್ತರು, ರಕ್ಷಣೆಗೆ ಹೋದ ಒಬ್ಬರೂ ಸತ್ತರು. ಬ್ರಿಟನ್ನಿನ ಇತಿಹಾಸದಲ್ಲೇ ಅತಿ ದೊಡ್ಡ ಗಣಿ ದುರಂತ ಇದು. ಕೋರ್ಟು ಮ್ಯಾನೇಜರನಿಗೆ ಹಾಕಿದ ದಂಡ 24 ಪೌಂಡ್, ಕಂಪನಿಗೆ 10 ಪೌಂಡ್. ಒಂದು ಜೀವಕ್ಕೆ ಒಂದು ಶಿಲ್ಲಿಂಗ್ ಚಿಲ್ಲರೆ ಬಿತ್ತು ಅಂತ ಪತ್ರಿಕೆಗಳು ಲೆಕ್ಕ ಹಾಕಿ ಬರೆದವು.

ಆದರೆ ಫ್ಯಾನ್ ತಿರುಗಿಸುವುದೂ ಸಣ್ಣ ನಿರ್ಧಾರವಲ್ಲ. ತಿರುಗಿಸಿದರೆ ಯಾವ ಸುರಂಗದ ಹೊಗೆ ಯಾರ ಕಡೆ ಹೋಗುತ್ತದೆ? ಒಂದು ಕಡೆಯವರನ್ನು ಉಳಿಸಲು ಹೋಗಿ ಇನ್ನೊಂದು ಕಡೆಯವರ ಮೇಲೆ ವಿಷದ ಗಾಳಿ ಕಳಿಸಿದಂತಾಗುವುದೋ? ಆ ಕಾಲದಲ್ಲಿ ಇದನ್ನು ಖಚಿತವಾಗಿ ಲೆಕ್ಕ ಹಾಕಿ ಹೇಳುವ ದಾರಿ ಯಾರ ಬಳಿಯೂ ಇರಲಿಲ್ಲ.

ನಲ್ಲಿ ನೀರಿನಿಂದ ಬಂದ ಉಪಾಯ

ದಾರಿ ಸಿಕ್ಕಿದ್ದು ಗಣಿಯಿಂದಲ್ಲ, ನೀರಿನ ಪೈಪುಗಳಿಂದ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹಾರ್ಡಿ ಕ್ರಾಸ್ ಎಂಬ ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರ್ ಇದ್ದರು. ಪೈಪುಗಳ ಜಾಲದಲ್ಲಿ ಯಾವ ಪೈಪಿಗೆ ಎಷ್ಟು ನೀರು ಹೋಗುತ್ತದೆ ಎಂದು ಕಂಡುಹಿಡಿಯುವ ಒಂದು ವಿಧಾನವನ್ನು ಅವರು 1936ರಲ್ಲಿ ಪ್ರಕಟಿಸಿದರು.

ಉಪಾಯ ಸರಳ. ಮೊದಲು ಒಂದು ಅಂದಾಜು ಹಾಕು. ತಪ್ಪು ಎಷ್ಟಿದೆ ನೋಡು. ಅಷ್ಟು ತಿದ್ದು. ಮತ್ತೆ ನೋಡು. ಗೋಡೆ ಕಟ್ಟುವ ಮೇಸ್ತ್ರಿ ಕಲ್ಲಿಟ್ಟು, ತೂಗುಗುಂಡು ಬಿಟ್ಟು, ಚೂರು ಸರಿಸಿ, ಮತ್ತೆ ನೋಡುವ ಹಾಗೆ.

ಒಂದು ಉದಾಹರಣೆ ನೋಡೋಣ, ಬೇಕಿದ್ದರೆ ಫೋನಿನ ಕ್ಯಾಲ್ಕುಲೇಟರಿನಲ್ಲೇ ಮಾಡಿ. ಒಂದು ಕಡೆ ಕವಲೊಡೆದು ಮುಂದೆ ಕೂಡುವ ಎರಡು ಸುರಂಗಗಳಿವೆ. ಮೊದಲನೆಯದರ ತಡೆ 1, ಎರಡನೆಯದರ ತಡೆ 4. ಒಟ್ಟು 90 ಪಾಲು ಗಾಳಿ ಹಂಚಿಕೊಳ್ಳಬೇಕು. ಎರಡೂ ಒಂದೇ ಜಾಗದಿಂದ ಹೊರಟು ಒಂದೇ ಜಾಗಕ್ಕೆ ಸೇರುವುದರಿಂದ, ಎರಡರಲ್ಲೂ ಒತ್ತಡದ ಲೆಕ್ಕ ಸಮ ಬರಬೇಕು.

ಮೊದಲ ಅಂದಾಜು: ಅರ್ಧರ್ಧ, 45 ಮತ್ತು 45. ಒತ್ತಡ ನೋಡಿ: 45ರ ವರ್ಗ 2025, ಎರಡನೆಯದರಲ್ಲಿ ಅದರ ನಾಲ್ಕು ಪಟ್ಟು, 8100. ಸಮ ಇಲ್ಲ, ವ್ಯತ್ಯಾಸ 6075. ಇದನ್ನು ಎರಡೂ ದಾರಿಗಳ ತಡೆ ಮತ್ತು ಗಾಳಿಯ ಗುಣಲಬ್ಧಗಳನ್ನು ಕೂಡಿಸಿದ ಮೊತ್ತದ ಎರಡು ಪಟ್ಟಿನಿಂದ ಭಾಗಿಸಬೇಕು. 45 ಮತ್ತು 180 ಸೇರಿ 225, ಅದರ ಎರಡು ಪಟ್ಟು 450. ಉತ್ತರ 13.5. ಅಷ್ಟು ಗಾಳಿಯನ್ನು ಎರಡನೆಯದರಿಂದ ತೆಗೆದು ಮೊದಲನೆಯದಕ್ಕೆ ಕೊಡಿ. ಈಗ 58.5 ಮತ್ತು 31.5. ಇದೇ ಲೆಕ್ಕ ಇನ್ನೊಮ್ಮೆ ಮಾಡಿದರೆ 59.98 ಮತ್ತು 30.02. ನಿಜವಾದ ಉತ್ತರ 60 ಮತ್ತು 30. ಎರಡೇ ಸುತ್ತಿಗೆ ಹತ್ತಿರ ಬಂದುಬಿಟ್ಟೆವು.

ಎರಡು ಸುರಂಗಕ್ಕೆ ಐದು ನಿಮಿಷ ಸಾಕು. ನೂರಾರು ಸುರಂಗಕ್ಕೆ? ಪ್ರತಿ ಸುತ್ತುದಾರಿಗೂ ಹೀಗೇ ಮಾಡಬೇಕು. ಒಂದನ್ನು ತಿದ್ದಿದರೆ ಪಕ್ಕದ್ದು ಕೆಡುತ್ತದೆ, ಮತ್ತೆ ತಿದ್ದಬೇಕು. ಕೈಯಲ್ಲಿ ಮಾಡಿದರೆ ವಾರಗಟ್ಟಲೆ ಕೆಲಸ.

ಮೊದಲು ಕರೆಂಟು, ಆಮೇಲೆ ಕಂಪ್ಯೂಟರ್

1951ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸ್ಕಾಟ್ ಮತ್ತು ಹಿನ್ಸ್‌ಲಿ, ಹಾರ್ಡಿ ಕ್ರಾಸ್ ವಿಧಾನವನ್ನು ಗಣಿಯ ಗಾಳಿಗೆ ಹೊಂದಿಸಿದರು. ಫ್ಯಾನಿನ ಬಲವನ್ನೂ, ಬಿಸಿಗಾಳಿ ತಾನಾಗಿ ಮೇಲೇರುವ ಬಲವನ್ನೂ ಲೆಕ್ಕದೊಳಗೆ ತಂದರು. ಲೆಕ್ಕ ಮಾಡುವ ಯಂತ್ರ ಮಾತ್ರ ಇನ್ನೂ ಕೈಗೆ ಬಂದಿರಲಿಲ್ಲ.

ಅದಕ್ಕೆ ಆ ಕಾಲದವರು ವಿದ್ಯುತ್ತನ್ನು ಬಳಸಿದರು. ಸುರಂಗದ ಬದಲು ತಂತಿ, ಗಾಳಿಯ ಬದಲು ಕರೆಂಟು, ಫ್ಯಾನಿನ ಬದಲು ಬ್ಯಾಟರಿ. ಗಣಿಯ ನಕ್ಷೆಯನ್ನೇ ಒಂದು ಬೋರ್ಡಿನ ಮೇಲೆ ತಂತಿಗಳಲ್ಲಿ ಕಟ್ಟಿ, ಯಾವ ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತದೆ ಎಂದು ಮೀಟರಿನಲ್ಲಿ ನೋಡುವುದು. ಇದರಲ್ಲೊಂದು ತೊಡಕಿತ್ತು. ಮಾಮೂಲಿ ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ವೋಲ್ಟೇಜ್ ಎರಡೇ ಪಟ್ಟು, ಗಾಳಿಯಲ್ಲಿ ನಾಲ್ಕು ಪಟ್ಟು. ಹಾಗಾಗಿ ತಂತಿಗಳ ತಡೆಯನ್ನು ಪದೇಪದೇ ತಿದ್ದಿ ಹೊಂದಿಸಬೇಕಿತ್ತು.

1960ರ ದಶಕದಲ್ಲಿ ಎಂಜಿನಿಯರುಗಳ ಕೈಗೆ ಕಂಪ್ಯೂಟರ್ ಸಿಕ್ಕಿತು. ಅಂದಾಜು ಹಾಕು, ತಪ್ಪು ನೋಡು, ತಿದ್ದು ಎಂಬ ಬೇಸರದ ಕೆಲಸ ಯಂತ್ರಕ್ಕೆ ಹೇಳಿಮಾಡಿಸಿದಂಥದ್ದು. ನಾಟಿಂಗ್‌ಹ್ಯಾಮ್‌ನಲ್ಲಿ ಕೆಲಸ ಮಾಡಿದ ಮಾಲ್ಕಂ ಮೆಕ್‌ಫರ್ಸನ್ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರು. 1993ರಲ್ಲಿ ಅವರು ಬರೆದ ಗ್ರಂಥವನ್ನು ಗಣಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಈಗ ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಸಾವಿರಾರು ಸುರಂಗಗಳ ಜಾಲವನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಿಡಿಸಬಹುದು. ಇಲ್ಲೊಂದು ಬಾಗಿಲು ಇಟ್ಟರೆ ಏನಾಗುತ್ತದೆ, ಹೊಸ ಸುರಂಗ ತೋಡಿದರೆ ಹಳೆಯದಕ್ಕೆ ಗಾಳಿ ಸಾಕಾಗುತ್ತದೆಯೇ ಎಂದು ಒಂದು ಕಲ್ಲೂ ಅಲುಗಿಸದೆ ನೋಡಬಹುದು.

ಹಿಂದೆ ತಿರುಗುವ ಗಾಳಿ

ಕಂಪ್ಯೂಟರಿನ ನಿಜವಾದ ಬೆಲೆ ಗೊತ್ತಾಗುವುದು ಬೆಂಕಿ ಬಿದ್ದಾಗ.

ಅಕ್ಕಪಕ್ಕ ಹೋಗುವ ಎರಡು ಸುರಂಗಗಳನ್ನು ಒಂದು ಅಡ್ಡ ಸುರಂಗ ಸೇರಿಸುತ್ತದೆ ಅಂತಿಟ್ಟುಕೊಳ್ಳಿ. ಆ ಅಡ್ಡ ಸುರಂಗದಲ್ಲಿ ಗಾಳಿ ಎಡದಿಂದ ಬಲಕ್ಕೆ ಹೋಗಬೇಕೋ ಬಲದಿಂದ ಎಡಕ್ಕೋ ಎಂಬುದನ್ನು ಅದು ತಾನೇ ನಿರ್ಧರಿಸುವುದಿಲ್ಲ. ಅದರ ಆಚೀಚಿನ ಸುರಂಗಗಳ ತಡೆ ನಿರ್ಧರಿಸುತ್ತದೆ. ಎಲ್ಲೋ ದೂರದಲ್ಲಿ ಮೇಲ್ಚಾವಣಿ ಕುಸಿದರೆ, ಒಂದು ಬಾಗಿಲು ಮುರಿದರೆ, ಇಲ್ಲಿ ಗಾಳಿ ಹಿಮ್ಮುಖವಾಗಬಹುದು. ಬೆಂಕಿ ಬಿದ್ದರೆ ಅದರ ಬಿಸಿಯೇ ಇನ್ನೊಂದು ಫ್ಯಾನಿನಂತೆ ಗಾಳಿಯನ್ನು ಎಳೆಯುತ್ತದೆ. ಸ್ವಚ್ಛ ಗಾಳಿಯ ದಾರಿ ಎಂದು ನಂಬಿ ಜನ ಓಡುವ ಸುರಂಗಕ್ಕೇ ಹೊಗೆ ಬರಬಹುದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದ ರುಡಾಲ್ಫ್ ಗ್ರೂಯರ್ ಈ ಸಮಸ್ಯೆಯ ಮೇಲೆ ಕೆಲಸ ಮಾಡಿದರು. ಬೆಂಕಿಯ ಬಿಸಿ, ಹೊಗೆ, ಗಾಳಿ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕುವ 'ಎಂಫೈರ್' ಎಂಬ ಪ್ರೋಗ್ರಾಂ ಅಲ್ಲಿಂದ ಮತ್ತು ಅಮೆರಿಕದ ಸರ್ಕಾರಿ ಗಣಿ ಸಂಶೋಧನಾ ಇಲಾಖೆಯಿಂದ ಬಂತು. ಇಲ್ಲಿ ಬೆಂಕಿ ಬಿದ್ದರೆ ಯಾವ ದಾರಿಯಲ್ಲಿ ಓಡಬೇಕು, ಫ್ಯಾನ್ ತಿರುಗಿಸಿದರೆ ಒಳಿತೋ ಕೆಡುಕೋ ಎಂಬುದನ್ನು ಮೊದಲೇ ಕೂತು ನೋಡಬಹುದು. ಸೆಂಘೆನಿತ್‌ನಲ್ಲಿ ಉತ್ತರವಿಲ್ಲದೆ ಉಳಿದ ಪ್ರಶ್ನೆ ಇದೇ.

ನಮ್ಮ ದೇಶದ ಲೆಕ್ಕ

ನಮ್ಮಲ್ಲೂ ಇಂಥ ದುರಂತಗಳಾಗಿವೆ. 1958ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಅಸನ್ಸೋಲ್ ಬಳಿಯ ಚಿನಾಕುರಿ ಗಣಿಯ ಸ್ಫೋಟದಲ್ಲಿ 170ಕ್ಕೂ ಹೆಚ್ಚು ಜನ, 1965ರ ಮೇ ತಿಂಗಳಲ್ಲಿ ಈಗಿನ ಜಾರ್ಖಂಡ್‌ನ ಧೋರಿ ಗಣಿಯ ಸ್ಫೋಟದಲ್ಲಿ 268 ಜನ ಸತ್ತರು.

ನಮ್ಮ ಕಲ್ಲಿದ್ದಲು ಗಣಿ ನಿಯಮಾವಳಿ ಗಾಳಿಯ ಅಳತೆ ಹೇಳಿದೆ. ದೊಡ್ಡ ಪಾಳಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೆ ನಿಮಿಷಕ್ಕೆ 6 ಘನ ಮೀಟರ್, ಅಥವಾ ದಿನದ ಪ್ರತಿ ಟನ್ ಕಲ್ಲಿದ್ದಲಿಗೆ ನಿಮಿಷಕ್ಕೆ 2.5 ಘನ ಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಗಾಳಿ ಇರಬೇಕು. ಆಮ್ಲಜನಕ ಶೇಕಡಾ 19ಕ್ಕಿಂತ ಕಡಿಮೆ ಆಗಬಾರದು. ಗಣಿಯೊಳಗೆ ಎಲ್ಲಿಯೂ ಹೊತ್ತಿಕೊಳ್ಳುವ ಅನಿಲ ಶೇಕಡಾ 1.25 ದಾಟಬಾರದು. ಇಷ್ಟು ಗಾಳಿ ತಲುಪುತ್ತದೆಯೇ ಎಂದು ಮೊದಲೇ ನೋಡಲು ಕಂಪ್ಯೂಟರ್ ಇದೆ. ಆದರೆ ಅದು ಲೆಕ್ಕ ಮಾಡುವುದು ನಾವು ಕೊಟ್ಟ ಅಂಕಿಯ ಮೇಲೆ. ಪ್ರತಿ ಸುರಂಗದ ತಡೆ ಎಷ್ಟು ಎಂದು ಯಾರಾದರೂ ಕೆಳಗಿಳಿದು, ಗಾಳಿಯ ವೇಗ ಅಳೆಯುವ ಉಪಕರಣ ಹಿಡಿದು, ಒತ್ತಡ ನೋಡಿ ಬರೆದುಕೊಂಡು ಬರಬೇಕು. ಮೇಲ್ಚಾವಣಿ ಕುಸಿದು ದಾರಿ ಕಿರಿದಾಗಿದ್ದರೆ, ಬಾಗಿಲಿನ ಹಲಗೆ ಕಿತ್ತುಹೋಗಿದ್ದರೆ, ಅದನ್ನು ಯಾರೂ ದಾಖಲಿಸದಿದ್ದರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಪರದೆಯ ಮೇಲೆ ಆ ಬಾಗಿಲು ಮುಚ್ಚಿಯೇ ಇರುತ್ತದೆ.

ಇದು ಬರೀ ಊಹೆಯ ಮಾತಲ್ಲ. 2010ರ ಏಪ್ರಿಲ್ 5ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿ ಸ್ಫೋಟಗೊಂಡು 29 ಜನ ಸತ್ತರು. ಈ ವಿದ್ಯೆಯೆಲ್ಲ ಬೆಳೆದ ದೇಶದಲ್ಲೇ ಇದು ನಡೆಯಿತು. ಗಾಳಿಯ ವ್ಯವಸ್ಥೆ ಸರಿಯಿರಲಿಲ್ಲ, ಕಲ್ಲಿದ್ದಲಿನ ದೂಳು ಸೇರಿತ್ತು ಎಂದು ಸರ್ಕಾರಿ ತನಿಖೆ ಹೇಳಿತು. ಗಣಿಯವರು ದೋಷಗಳ ಬಗ್ಗೆ ಎರಡು ಪುಸ್ತಕ ಇಟ್ಟಿದ್ದರು ಎಂದೂ ತನಿಖೆ ಹೇಳಿತು. ಒಂದು ತಮಗಾಗಿ, ಇನ್ನೊಂದು ತಪಾಸಣೆಗೆ ಬರುವವರಿಗಾಗಿ. ಸುಳ್ಳು ಪುಸ್ತಕದ ಅಂಕಿಯನ್ನು ಎಂಥ ಕಂಪ್ಯೂಟರಿಗೆ ಕೊಟ್ಟರೂ ಉತ್ತರ ಸುಳ್ಳೇ ಬರುತ್ತದೆ.

ನಮ್ಮ ಹಳ್ಳಿಗಳಿಗೂ ಈ ಮಾತು ದೂರದ್ದಲ್ಲ. ಮನೆಮನೆಗೆ ನಲ್ಲಿ ಹಾಕುವಾಗ ಪೈಪಿನ ಅಳತೆ ನಿರ್ಧರಿಸುವುದೂ ಇದೇ ಜಾತಿಯ ಲೆಕ್ಕದಿಂದ. ಊರಿನ ಕೊನೆ ಮನೆಗೆ ನೀರು ಬರುತ್ತದೆ ಎಂದು ಕಾಗದ ಹೇಳುತ್ತದೆ. ಬರದಿದ್ದರೆ, ತಪ್ಪು ಲೆಕ್ಕದಲ್ಲಿದೆಯೋ, ಲೆಕ್ಕಕ್ಕೆ ಕೊಟ್ಟ ಅಂಕಿಯಲ್ಲಿದೆಯೋ ಎಂದು ಕೇಳುವ ಹಕ್ಕು ಆ ಮನೆಯವರಿಗಿದೆ. ನೀರು ಬರದಿದ್ದರೆ ಅವರು ನಾಳೆ ಪಂಚಾಯಿತಿಗೆ ಹೋಗಿ ಕೇಳಬಹುದು. ಗಣಿಯ ಕೊನೆಯ ಸುರಂಗದಲ್ಲಿ ನಿಂತವನಿಗೆ ಅಷ್ಟು ಸಮಯ ಇರುವುದಿಲ್ಲ. ಅವನ ಪರವಾಗಿ ಯಾರಾದರೂ ಆ ಪಾಳಿ ಶುರುವಾಗುವ ಮೊದಲೇ ಅಳೆದು, ಇದ್ದದ್ದನ್ನು ಇದ್ದ ಹಾಗೆ ಬರೆದಿರಬೇಕು.